ಪುಟ ತೆರೆಯದ ಶನಿವಾರ

‘ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಒಪ್ಪಿಕೊಳ್ಳುತ್ತಿದ್ದೇನೆ. ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಾಗ ಯಾರಾದರೂ ಮಂಚಿಕೇರಿ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ, ನಾನು ಆ ಊರಿನವನೇ ಅಲ್ಲದಿದ್ದರೂ ಕೈಗಡಿಯಾರ ನೋಡಿ, ಇನ್ನು ಹತ್ತು ನಿಮಿಷಕ್ಕೆ ಬರಬೇಕು ಎಂದು ಹೇಳಿಬಿಡುತ್ತೇನೆ. ಹೇಳಿದ ಮೇಲೆ ಅಲ್ಲಿಂದ ಮೆಲ್ಲಗೆ ಜಾಗ ಬದಲಿಸುತ್ತೇನೆ. ಇಷ್ಟಾದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಒಂದು ವಸ್ತುವಿಗೆ ಕೈ ಹಚ್ಚಿದೆನೆಂದರೆ ಅದು ಸರಿಯಾಗುವ ತನಕ ಕೈ ತೆಗೆಯುವುದಿಲ್ಲ ಎಂಬುದು ನನ್ನ ಇನ್ನೊಂದು ರೋಗ. ಗೊತ್ತಿಲ್ಲ ಎನ್ನಲಾರದವನಿಗೆ ಬಿಡಲಾರದ ಹಟವೂ ಇದ್ದರೆ ಅವನ ಸುತ್ತಲಿನವರ ಗತಿ ಏನಾಗುತ್ತದೆ ಎಂಬುದು ನನಗೆ ಬಹಳ ವರ್ಷ ಹೊಳೆದಿರಲಿಲ್ಲ. ಹೊಳೆಸಿದವಳು ಗಿರಿಜವ್ವ. ಅವಳೂ ಬೇಕೆಂದು ಹೊಳೆಸಿದ್ದಲ್ಲ.

ನಾನು ಆಗ ಸಿದ್ದಾಪುರದ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ. ಬ್ರಾಡ್‌ಬ್ಯಾಂಡ್ ಎಂಬ ಶಬ್ದ ನಮ್ಮ ಕಡೆ ಆಗಷ್ಟೇ ಬಂದಿತ್ತು. ಕಚೇರಿಗೆ ಕಂಪ್ಯೂಟರು ಅದಕ್ಕೂ ಎರಡು ವರ್ಷ ಮೊದಲೇ ಬಂದಿದ್ದು, ಅದಕ್ಕೆ ಹೂವಿನ ಚಿತ್ರದ ಬಟ್ಟೆ ಹೊದೆಸಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವ ಪದ್ಧತಿ ಇಟ್ಟುಕೊಂಡಿದ್ದೆವು. ಶಿರಸಿಯಲ್ಲಿ ಮೂರು ದಿನದ ತರಬೇತಿಗೆ ಯಾರಾದರೊಬ್ಬರು ಹೋಗಬೇಕೆಂದು ಪತ್ರ ಬಂದಾಗ ಮಾಸ್ತರರೆಲ್ಲ ಪಾಠದ ನೆಪ ಹೇಳಿದರು. ಹೆಡ್‌ಮಾಸ್ತರರು ನನ್ನತ್ತ ತಿರುಗಿ, ಹೆಗಡೆಯವರೇ, ನಿಮಗೆ ಇದೆಲ್ಲ ಗೊತ್ತಲ್ಲ, ಎಂದರು. ನನಗೆ ಗೊತ್ತಿರಲಿಲ್ಲ. ಆದರೆ ಅದನ್ನು ಹೇಳುವ ಬಾಯಿ ನನ್ನದಲ್ಲ ಎಂದು ಆಗಲೇ ತಿಳಿಸಿದ್ದೇನಲ್ಲ. ಮೂರು ದಿನ ಹೋಗಿ, ಎರಡು ನೂರು ಪುಟದ ನೋಟ್‌ಬುಕ್ಕಿನ ತುಂಬ ಬರೆದುಕೊಂಡು, ನಾಲ್ಕನೇ ದಿನ ತಜ್ಞನಾಗಿ ವಾಪಸಾದೆ. ಅಂದಿನಿಂದ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನಾನೇ, ಮೌಸಿನ ಹೊಟ್ಟೆಯೊಳಗಿನ ಗುಂಡಿಗೆ ಕೊಳೆ ಹಿಡಿದರೂ ನಾನೇ.

ಗಿರಿಜವ್ವ ನಮ್ಮ ಶಾಲೆಯ ಜವಾನಳು. ಬನವಾಸಿ ಕಡೆಯವಳು. ವಯಸ್ಸು ನಲವತ್ತೈದು ದಾಟಿತ್ತು. ಗಂಟೆ ಹೊಡೆಯುವುದು, ನೋಟೀಸು ಪುಸ್ತಕ ಹಿಡಿದು ತರಗತಿಯಿಂದ ತರಗತಿಗೆ ತಿರುಗುವುದು, ನೀರು ತುಂಬಿಸುವುದು ಅವಳ ಕೆಲಸ. ಪಿಯುಸಿ ಮುಗಿಸಿ ಕಾಲೇಜಿಗೆ ಹೆಸರು ಹಚ್ಚಿದ ವರ್ಷವೇ ಮದುವೆಯಾಗಿ ಓದು ನಿಂತುಹೋಗಿತ್ತಂತೆ. ಗಂಡ ತೀರಿಕೊಂಡು, ಈ ಕೆಲಸ ಸಿಕ್ಕಿ, ಮಗಳ ಮದುವೆಯೂ ಆದ ಮೇಲೆ ಅಂಚೆಯ ಮೂಲಕ ಓದಿಸುವ ಒಂದು ಸಂಸ್ಥೆಗೆ ಬಿ.ಎ.ಗೆ ಹೆಸರು ಕಟ್ಟಿದಳು. ಗಂಟೆಯ ಕೆಳಗೆ ಅವಳದೊಂದು ಸ್ಟೂಲು. ಒಂದು ಪೀರಿಯಡ್ಡಿಗೂ ಇನ್ನೊಂದಕ್ಕೂ ನಡುವೆ ಅಲ್ಲಿ ಕೂತು ಓದುತ್ತಿದ್ದಳು. ಓದಿನಲ್ಲಿ ಮುಳುಗಿ ಅವಳು ಗಂಟೆ ಹೊಡೆಯಲು ಮರೆತದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಗಣಿತದ ಮಾಸ್ತರರಿಗೆ ಮಾತ್ರ ಅವಳು ಎರಡು ನಿಮಿಷ ತಡ ಮಾಡಿ ಹೊಡೆಯುತ್ತಾಳೆ ಎಂಬ ಗುಮಾನಿ ಇತ್ತು.

ಎಲ್ಲ ಪೇಪರೂ ಪಾಸಾಗಿ, ಕರ್ನಾಟಕದ ಪ್ರಾಚೀನ ಇತಿಹಾಸ ಒಂದೇ ಉಳಿದಿತ್ತು. ಮೊದಲ ಸಲ ಕೂತಾಗ ಮೂರು ಅಂಕ ಕಡಿಮೆ ಬಿತ್ತು. ಬನವಾಸಿಯ ಕದಂಬರ ಮೇಲೆ ಬಂದ ಪ್ರಶ್ನೆಯನ್ನೇ ಬಿಟ್ಟು ಬಂದಿದ್ದಳಂತೆ. ‘ನಮ್ಮೂರಿನ ಸುದ್ದಿ ಯಾರ್ ಕೇಳ್ತಾರ, ಅದನ್ನೇನ್ ಓದೋದು ಅಂತ ಬಿಟ್ಟಿದ್ನಿರಿ,’ ಎಂದು ಅವಳೇ ಹೇಳಿ ನಕ್ಕಿದ್ದಳು. ಎರಡನೇ ಸಲ ಚೆನ್ನಾಗಿ ಓದಿಕೊಂಡಳು, ಆದರೆ ಹಾಲ್ ಟಿಕೆಟು ಅಂಚೆಯಲ್ಲಿ ಬಂದು ತಲುಪಿದ್ದು ಪರೀಕ್ಷೆ ಮುಗಿದ ಮಾರನೇ ದಿನ. ಇದು ಮೂರನೆಯದು, ಕೊನೆಯದು. ಈ ಸಲ ತಪ್ಪಿದರೆ ಅವಳ ನೋಂದಣಿಯ ಅವಧಿ ಮುಗಿದು ಮೊದಲ ವರ್ಷದಿಂದ ಮತ್ತೆ ಶುರುಮಾಡಬೇಕು. ಸಂಸ್ಥೆಯವರು ಅಂಚೆಯ ಗೊಡವೆ ಬಿಟ್ಟು ಹಾಲ್ ಟಿಕೆಟನ್ನು ವೆಬ್‌ಸೈಟಿನಲ್ಲೇ ಹಾಕುತ್ತೇವೆ, ಪ್ರಿಂಟು ತೆಗೆದುಕೊಂಡು ಬನ್ನಿ ಎಂದು ತಿಳಿಸಿದ್ದರು. ಪರೀಕ್ಷೆ ಭಾನುವಾರ ಬೆಳಿಗ್ಗೆ ಶಿರಸಿಯಲ್ಲಿ.

ಶುಕ್ರವಾರ ಮಧ್ಯಾಹ್ನ ಗಿರಿಜವ್ವ ತನ್ನ ನೋಂದಣಿ ಸಂಖ್ಯೆಯ ಚೀಟಿ ಹಿಡಿದು ನನ್ನ ಮೇಜಿನ ಹತ್ತಿರ ಬಂದಳು. ಎರಡು ನಿಮಿಷದ ಕೆಲಸ, ನಾಳೆ ಶಾಲೆ ಬಿಟ್ಟ ಮೇಲೆ ಮಾಡಿಕೊಡುತ್ತೇನೆ, ಇವತ್ತು ಯಂತ್ರವನ್ನು ಸ್ವಲ್ಪ ಹದ ಮಾಡುವುದಿದೆ ಎಂದೆ. ಬಸ್‌ಸ್ಟ್ಯಾಂಡಿನ ಹತ್ತಿರ ಸದಾನಂದನ ಝೆರಾಕ್ಸ್ ಅಂಗಡಿಯಲ್ಲೂ ತೆಗೆದುಕೊಡುತ್ತಾರಂತಲ್ಲ, ನಿಮಗ್ಯಾಕೆ ತೊಂದರೆ ಎಂದು ಅವಳು ಸಂಕೋಚದಿಂದ ಕೇಳಿದಳು. ಈ ಸದಾನಂದ ಮೊದಲು ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ಮನುಷ್ಯ. ಒಮ್ಮೆ ನಾನು ಟೈಪು ಮಾಡಿದ ಪತ್ರವನ್ನು ನೆರಳಚ್ಚು ಮಾಡುವಾಗ, ಎಡಗಡೆ ಅಂಚು ಸೊಟ್ಟ ಬಂದಿದೆಯಲ್ಲ ಎಂದಿದ್ದ. ಬಂದಿತ್ತು, ಸುಳ್ಳಲ್ಲ. ಆದರೂ ನಮ್ಮ ಶಾಲೆಯ ಕೆಲಸಕ್ಕೆ ಅವನ ಅಂಗಡಿಯ ಮೆಟ್ಟಿಲು ಹತ್ತುವುದು ನನ್ನ ಜೀವಕ್ಕೆ ಒಗ್ಗುವ ಮಾತಾಗಿರಲಿಲ್ಲ. ಕಚೇರಿಯಲ್ಲಿ ನಾನಿರುವಾಗ ಅಲ್ಲಿಗೆ ಯಾಕೆ ಹೋಗಬೇಕು ಎಂದುಬಿಟ್ಟೆ.

ಶನಿವಾರ ಶಾಲೆ ಅರ್ಧ ದಿನ. ಎಲ್ಲರೂ ಹೋದ ಮೇಲೆ ಹೊದಿಕೆ ತೆಗೆದು, ಕಂಪ್ಯೂಟರು ಚಾಲೂ ಮಾಡಿ, ಬ್ರೌಸರಿನಲ್ಲಿ ಸಂಸ್ಥೆಯ ವಿಳಾಸ ಹೊಡೆದೆ. ಗಿರಿಜವ್ವ ಕೈಚೀಲ ಮಡಿಲಲ್ಲಿಟ್ಟುಕೊಂಡು ನನ್ನ ಹಿಂದೆ ಬೆಂಚಿನ ಮೇಲೆ ಕೂತಳು. ಪರದೆಯ ಮೇಲೆ ಬಿಳಿ ಹಾಳೆ ಬಂತು. ಪುಟವನ್ನು ತೋರಿಸಲಾಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಮತ್ತೆ ಹೊಡೆದೆ. ಮತ್ತೆ ಅದೇ. ಬೇರೆ ವಿಳಾಸ ಹೊಡೆದೆ, ಪತ್ರಿಕೆಯದು, ಇ-ಮೇಲಿನದು, ಹವಾಮಾನದ್ದು. ಎಲ್ಲಕ್ಕೂ ಒಂದೇ ಉತ್ತರ. ಆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಸಲಹೆಗಳಿದ್ದವು. ಅಂದು ಮೊದಲ ಸಲ ಅವನ್ನು ಪೂರ್ತಿ ಓದಿದೆ. ಕೊನೆಯ ಸಲಹೆ, ನಿಮ್ಮ ಜಾಲದ ನಿರ್ವಾಹಕರನ್ನು ಸಂಪರ್ಕಿಸಿ ಎಂದಿತ್ತು. ನಮ್ಮ ಶಾಲೆಯಲ್ಲಿ ಆ ನಿರ್ವಾಹಕ ನಾನೇ. ಸಂಪರ್ಕಿಸಿದೆ, ಪ್ರಯೋಜನವಾಗಲಿಲ್ಲ.

ಲೈನ್ ಹೋಗಿರಬೇಕು ಎಂದೆ ಗಿರಿಜವ್ವನಿಗೆ. ಲೈನ್ ಹೋಯಿತು ಎಂದರೆ ನಮ್ಮ ಊರಿನಲ್ಲಿ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಆದರೆ ಮೋಡೆಮ್ಮಿನ ನಾಲ್ಕೂ ದೀಪ ನಿಚ್ಚಳವಾಗಿ ಉರಿಯುತ್ತಿದ್ದವು. ಟೆಲಿಫೋನ್ ಕಚೇರಿಗೆ ಫೋನು ಮಾಡಿದೆ. ಅಲ್ಲಿದ್ದವರು ಏನೋ ಪರೀಕ್ಷೆ ಮಾಡಿ, ನಿಮ್ಮ ಲೈನ್ ಚೆನ್ನಾಗಿದೆ, ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂದರು. ಮಾಡಿದೆ. ವಯರು ಕಿತ್ತು, ಊದಿ, ಮತ್ತೆ ಸಿಕ್ಕಿಸಿದೆ. ಊದುವುದು ತರಬೇತಿಯಲ್ಲಿ ಹೇಳಿಕೊಟ್ಟದ್ದಲ್ಲ, ರೇಡಿಯೋ ಕಾಲದಿಂದ ಬಂದದ್ದು. ತರಬೇತಿಯಲ್ಲಿ ಕಲಿತ ಇನ್ನೊಂದು ವಿದ್ಯೆ ಇತ್ತು. ಕಪ್ಪು ಕಿಟಕಿ ತೆರೆದು ನಾಲ್ಕಾರು ಅಂಕಿ ಹೊಡೆದರೆ, ದೂರದ ಯಾವುದೋ ಕಂಪ್ಯೂಟರು ಓಗೊಡುತ್ತದೆ. ಹೊಡೆದೆ. ನಾಲ್ಕು ಸಲ ಕರೆದದ್ದಕ್ಕೆ ನಾಲ್ಕು ಸಲವೂ ಓಗೊಟ್ಟಿತು. ಅಲ್ಲಿಗೆ ಇಂಟರ್ನೆಟ್ ಇದೆ ಎಂದಾಯಿತು. ಇದ್ದೂ ಪುಟ ತೆರೆಯುವುದಿಲ್ಲ. ಇಲ್ಲವೇ ಇಲ್ಲ ಎಂದಿದ್ದರೆ ಮನಸ್ಸಿಗೆ ಸಮಾಧಾನವಾಗುತ್ತಿತ್ತು.

ಅಷ್ಟರಲ್ಲಿ ಪರದೆಯ ಮೂಲೆಯಲ್ಲಿ ಟಿಣ್ ಎಂದು ಸದ್ದಾಯಿತು. ಚಾಟಿನಲ್ಲಿ ಗಣಪತಿ. ಗಣಪತಿ ನನ್ನ ಹಳೆಯ ಸಹಪಾಠಿ, ಯಲ್ಲಾಪುರದ ಒಂದು ಕಾಲೇಜಿನಲ್ಲಿ ಲೈಬ್ರರಿ ನೋಡಿಕೊಳ್ಳುತ್ತಿದ್ದ. ಮಧ್ಯಾಹ್ನದ ಹೊತ್ತು ಲೈಬ್ರರಿಗೆ ಯಾರೂ ಬಾರದ ಕಾರಣ ನನ್ನನ್ನು ಮಾತಾಡಿಸುತ್ತಿದ್ದ. ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತು. ಊಟ ಆತೋ ಎಂದು ಕೇಳಿದ. ನಾನು, ಊಟ ಹಾಳಾಗಿ ಹೋಗಲಿ, ಇಲ್ಲಿ ನೆಟ್ ಇಲ್ಲೆ ಎಂದು ಹೊಡೆದೆ. ಆ ಕಡೆಯಿಂದ ಬಂತು:

‘ನೆಟ್ ಇಲ್ದೇ ಇದ್ರೆ ಇದನ್ನ ಎಂತದ್ರಲ್ಲಿ ಕಳಿಸ್ತಾ ಇದ್ದೆ ಮಾರಾಯ?’

ನಿಜವಾಗಿಯೂ ಒಳ್ಳೆಯ ಪ್ರಶ್ನೆ. ಗಣಪತಿಗೂ ಗೊತ್ತಿಲ್ಲ ಎನ್ನುವ ಅಭ್ಯಾಸವಿಲ್ಲ. ಅದಕ್ಕೇ ನಮ್ಮ ಸ್ನೇಹ ಉಳಿದದ್ದು. ಒಂದೊಂದಾಗಿ ಔಷಧ ಹೇಳತೊಡಗಿದ. ಕುಕ್ಕಿಗಳನ್ನು ಅಳಿಸು ಎಂದ, ಅಳಿಸಿದೆ. ಹಿಸ್ಟರಿ ಅಳಿಸು ಎಂದ. ಹಿಸ್ಟರಿ ಅಳಿಸುತ್ತಿದ್ದೇನೆ ಎಂದು ನಾನು ಗಟ್ಟಿಯಾಗಿ ಹೇಳಿಕೊಂಡಾಗ ಹಿಂದಿನಿಂದ ಗಿರಿಜವ್ವ, ‘ಯಾವ್ದು ಅಳಸ್ತೀರ್ರಿ?’ ಎಂದು ಗಾಬರಿಯಾಗಿ ಎದ್ದು ನಿಂತಳು. ನಿನ್ನ ಪೇಪರಿನ ಹಿಸ್ಟರಿ ಅಲ್ಲ, ಇದು ಬೇರೆ ಎಂದು ಸಮಾಧಾನ ಹೇಳಿ ಕೂರಿಸಿದೆ. ವೈರಸ್ ಇರಬಹುದು ಎಂದು ಗಣಪತಿ ಹೇಳಿದ್ದಕ್ಕೆ ಅದನ್ನು ಹುಡುಕಲು ಹಚ್ಚಿದೆ. ಆ ಹುಡುಕಾಟ ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ವೈರಸ್ ಸಿಗಲಿಲ್ಲ, ನಾನು ಕಳೆದುಹೋದವೆಂದುಕೊಂಡಿದ್ದ ಎರಡು ಹಳೇ ಪತ್ರಗಳು ಸಿಕ್ಕವು. ಫೈರ್‌ವಾಲ್ ತೆಗೆದೆ, ಹಾಕಿದೆ. ಐದು ಸಲ ರಿಸ್ಟಾರ್ಟ್ ಮಾಡಿದೆ. ಪ್ರತಿ ಸಲವೂ ಕಂಪ್ಯೂಟರು ಹೊಸದಾಗಿ ಹುಟ್ಟಿದಂತೆ ಸಂಗೀತ ನುಡಿಸಿಕೊಂಡು ಎದ್ದು ಬಂದು, ಪುಟವನ್ನು ತೋರಿಸಲಾಗುವುದಿಲ್ಲ ಎನ್ನುತ್ತಿತ್ತು.

ಇದನ್ನೆಲ್ಲ ಓದುತ್ತಿರುವ ನಿಮಗೆ ಇಷ್ಟು ಹೊತ್ತಿಗೆ ಒಂದು ಸಂಗತಿ ಹೊಳೆದಿರಬಹುದು. ಯಲ್ಲಾಪುರದಲ್ಲಿ ಗಣಪತಿಯ ಬ್ರೌಸರು ಸುಸೂತ್ರವಾಗಿ ನಡೆಯುತ್ತಿತ್ತಲ್ಲ, ನೋಂದಣಿ ಸಂಖ್ಯೆ ಅವನಿಗೆ ಕೊಟ್ಟಿದ್ದರೆ ಆ ಹಾಲ್ ಟಿಕೆಟನ್ನು ಅವನೇ ಇಳಿಸಿ ಚಾಟಿನಲ್ಲೇ ಕಳಿಸುತ್ತಿದ್ದನಲ್ಲ ಎಂದು. ನನಗೆ ಹೊಳೆಯಲಿಲ್ಲ. ಗಣಪತಿಗೂ ಹೊಳೆಯಲಿಲ್ಲ, ಯಾಕೆಂದರೆ ಹಾಲ್ ಟಿಕೆಟಿನ ವಿಷಯ ಅವನಿಗೆ ನಾನು ಹೇಳಿಯೇ ಇರಲಿಲ್ಲ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೇ ಅದು ಮರೆತುಹೋಗಿತ್ತು. ನನಗೂ ಆ ಯಂತ್ರಕ್ಕೂ ನಡುವಿನ ಜಗಳವಾಗಿ ಅದು ಬೆಳೆದಿತ್ತು. ಮನೆಯಿಂದ ಹೆಂಡತಿ ಫೋನು ಮಾಡಿ ಊಟಕ್ಕೆ ಬರುವುದಿಲ್ಲವೇ ಎಂದು ಕೇಳಿದಾಗ, ಇದನ್ನು ಮಣಿಸದೆ ಏಳುವುದಿಲ್ಲ ಎಂದು ಹೇಳಿ ಫೋನಿಟ್ಟೆ. ಅವಳು ಯಾವುದನ್ನು ಎಂದು ಕೇಳಲಿಲ್ಲ.

ಎರಡೂವರೆಯ ಸುಮಾರಿಗೆ ಗಿರಿಜವ್ವ ಎದ್ದು, ನೀವು ಬೆಳಗಿನಿಂದ ಹಸಿದುಕೊಂಡು ಕೂತಿದ್ದೀರಿ, ಚಾ ತರುತ್ತೇನೆ ಎಂದು ಹೊರಗೆ ಹೋದಳು. ಅರ್ಧ ಗಂಟೆಯ ಮೇಲೆ ಚಾ ಮತ್ತು ಕಾಗದದ ಪೊಟ್ಟಣದಲ್ಲಿ ಬನ್ಸು ಹಿಡಿದು ಬಂದಳು. ಕೈಚೀಲ ಮಡಿಲಲ್ಲಿಟ್ಟುಕೊಂಡು ಮತ್ತೆ ಬೆಂಚಿನ ಮೇಲೆ ಕೂತು, ಅದರಿಂದ ಪುಸ್ತಕ ತೆಗೆದು ಓದತೊಡಗಿದಳು. ಮೊದಲಿನ ಚಡಪಡಿಕೆ ಅವಳಲ್ಲಿ ಇರಲಿಲ್ಲ. ನಡುನಡುವೆ ತಲೆಯೆತ್ತಿ, ‘ಏನರ ತಿಳೀತೇನ್ರಿ?’ ಎಂದು ಕೇಳುತ್ತಿದ್ದಳು. ನಾನು ತಿಳೀತಾ ಬಂತು ಎನ್ನುತ್ತಿದ್ದೆ. ನನ್ನ ಮೇಲೆ ಆಕೆಗೆ ಎಂಥ ಭರವಸೆ ಎಂದು ಮನಸ್ಸು ತುಂಬಿ ಬಂತು. ನಾಳೆ ಪರೀಕ್ಷೆ ಇಟ್ಟುಕೊಂಡು, ಕೈಯಲ್ಲಿ ಹಾಲ್ ಟಿಕೆಟಿಲ್ಲದೆ, ಇಷ್ಟು ನೆಮ್ಮದಿಯಿಂದ ಓದುತ್ತಿದ್ದಾಳಲ್ಲ. ಈ ಭರವಸೆಯನ್ನು ನಾನು ಕೆಡಿಸಬಾರದು ಎಂದು ನಿಶ್ಚಯ ಮಾಡಿಕೊಂಡೆ.

ನಾಲ್ಕು ಗಂಟೆಯಾದರೂ ಏನೂ ಸಾಗದಿದ್ದಾಗ ಕಪಾಟಿನಿಂದ ತರಬೇತಿಯ ನೋಟ್‌ಬುಕ್ಕು ಇಳಿಸಿದೆ. ಅದರಲ್ಲಿ ಒಂದು ಪುಟದ ತುದಿ ಮಡಿಸಿತ್ತು. ಹಿಂದಿನ ದಿನ ನಾನೇ ಮಡಿಸಿದ್ದು. ಶುಕ್ರವಾರ ಯಂತ್ರವನ್ನು ಹದ ಮಾಡುತ್ತೇನೆ ಎಂದಿದ್ದೆನಲ್ಲ, ಆಗ ಈ ಪುಟವನ್ನು ಎದುರಿಗಿಟ್ಟುಕೊಂಡು, ವೇಗ ಹೆಚ್ಚಲಿ ಎಂದು, ಅದರಲ್ಲಿದ್ದ ಒಂದೊಂದು ಬದಲಾವಣೆಯನ್ನೂ ಕಂಪ್ಯೂಟರಿಗೆ ತುಂಬಿಸಿದ್ದೆ. ಪ್ರಾಕ್ಸಿ ಸರ್ವರ್ ಎಂಬ ಚೌಕದಲ್ಲಿ ಸರಿ ಗುರುತು ಹಾಕಿ, ಮುಂದೆ ಒಂದಿಷ್ಟು ಅಂಕಿಗಳನ್ನು ಬರೆದಿದ್ದೆ. ಪ್ರಾಕ್ಸಿ ಎಂದರೆ, ನಮ್ಮ ಬ್ರೌಸರು ನೇರವಾಗಿ ಹೊರಗೆ ಹೋಗದೆ, ನಡುವೆ ಕೂತ ಇನ್ನೊಂದು ಕಂಪ್ಯೂಟರಿನ ಮೂಲಕ ಹೋಗುವ ಏರ್ಪಾಡು. ಶಿರಸಿಯ ಆ ತರಬೇತಿ ಕೋಣೆಯಲ್ಲಿ ಅಂಥದೊಂದು ಕಂಪ್ಯೂಟರಿತ್ತು. ಸಿದ್ದಾಪುರದ ನಮ್ಮ ಕಚೇರಿಯಲ್ಲಿ ಇರಲಿಲ್ಲ. ಬಡಪಾಯಿ ಬ್ರೌಸರು ಮಧ್ಯಾಹ್ನದಿಂದ ಇಲ್ಲದ ಆ ಬಾಗಿಲನ್ನು ತಟ್ಟಿ ತಟ್ಟಿ ವಾಪಸು ಬರುತ್ತಿತ್ತು. ಚಾಟಿಗೆ ಈ ಅಪ್ಪಣೆ ಲಾಗೂ ಆಗದ ಕಾರಣ ಅದು ಆರಾಮಾಗಿ ಯಲ್ಲಾಪುರಕ್ಕೆ ಹೋಗಿ ಬರುತ್ತಿತ್ತು. ನೋಟ್‌ಬುಕ್ಕಿನಲ್ಲಿ ಆ ಅಂಕಿಗಳ ಪಕ್ಕದಲ್ಲಿ, ಕೆಂಪು ಶಾಯಿಯಲ್ಲಿ, ನನ್ನದೇ ದುಂಡು ಅಕ್ಷರದಲ್ಲಿ, ಎರಡು ಗೆರೆ ಎಳೆದು ಬರೆದಿತ್ತು: ‘ಇದು ಈ ಕೋಣೆಗೆ ಮಾತ್ರ.’

ಪುಸ್ತಕ ಮುಚ್ಚಿ ಆಚೆ ಈಚೆ ನೋಡಿದೆ. ಗಿರಿಜವ್ವ ಓದುತ್ತಿದ್ದಳು. ಮೆಲ್ಲಗೆ ಆ ಚೌಕದ ಗುರುತು ತೆಗೆದು ಸರಿ ಎಂದು ಒತ್ತಿದೆ. ಪುಟ ತೆರೆಯಿತು. ಏನೂ ಆಗೇ ಇಲ್ಲ ಎಂಬಂತೆ, ಬಣ್ಣ ಬಣ್ಣವಾಗಿ, ಒಂದು ಉಸಿರಿನೊಳಗೆ ತೆರೆಯಿತು. ಸಂಖ್ಯೆ ಹೊಡೆದೆ. ಹಾಲ್ ಟಿಕೆಟು ಬಂತು. ಪ್ರಿಂಟರು ಕಿರುಗುಡುತ್ತ ಅದನ್ನು ಹೊರಹಾಕಿತು. ಫೋಟೋ ಸ್ವಲ್ಪ ಕಪ್ಪಾಗಿತ್ತು, ಅಕ್ಷರಗಳಿಗೆ ತೊಂದರೆಯಿರಲಿಲ್ಲ. ದೊಡ್ಡ ಗಂಟು ಬಿಚ್ಚಿದವನ ಹಾಗೆ ಎದ್ದು ನಿಂತು, ತಾಂತ್ರಿಕವಾಗಿ ಬಹಳ ಆಳದ ತೊಂದರೆ, ಯಾರಿಗೆಂದರೆ ಅವರಿಗೆ ಸಿಗುವಂಥದಲ್ಲ ಎಂದು ಹೇಳಿ ಅವಳ ಕೈಗೆ ಕೊಟ್ಟೆ. ಅವಳು ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ‘ಭಾಳ ಉಪಕಾರ ಆತ್ರಿ. ಮನೀಗೆ ಹೋಗಿ ಮದ್ಲ ಊಟ ಮಾಡ್ರಿ,’ ಎಂದಳು.

ಭಾನುವಾರ ಪರೀಕ್ಷೆ ಚೆನ್ನಾಗಿ ಆಯಿತಂತೆ. ಕದಂಬರ ಮೇಲೆ ಕೇಳಿದ್ದರು, ನಾಲ್ಕು ಪುಟ ಬರೆದೆ ಎಂದಳು. ಮುಂದಿನ ಎರಡು ತಿಂಗಳು ಮಾಸ್ತರರ ಕೋಣೆಯಲ್ಲಿ ಆ ಶನಿವಾರದ ಕತೆಯನ್ನು ನಾನು ಎಷ್ಟು ಸಲ ಹೇಳಿದೆನೋ. ಹೇಳುವಾಗೆಲ್ಲ ತೊಂದರೆ ಇನ್ನಷ್ಟು ಆಳಕ್ಕೆ ಇಳಿಯುತ್ತಿತ್ತು, ನೋಟ್‌ಬುಕ್ಕಿನ ಮಾತು ಮಾತ್ರ ಎಲ್ಲೂ ಬರುತ್ತಿರಲಿಲ್ಲ. ಫಲಿತಾಂಶ ಬಂದು ಗಿರಿಜವ್ವ ಎರಡನೇ ದರ್ಜೆಯಲ್ಲಿ ಬಿ.ಎ. ಪಾಸಾದಳು. ಅಂದು ಮಕ್ಕಳ ಪ್ರಾರ್ಥನೆಯ ಹೊತ್ತಿಗೆ ಹೆಡ್‌ಮಾಸ್ತರರು ಅವಳನ್ನು ಮುಂದೆ ಕರೆದು ಎಲ್ಲರಿಂದ ಚಪ್ಪಾಳೆ ತಟ್ಟಿಸಿದರು. ಅವಳು ಹೊಸ ಸೀರೆಯ ಸೆರಗು ತಲೆಯ ಮೇಲೆಳೆದುಕೊಂಡು ನೆಲ ನೋಡುತ್ತ ನಿಂತಿದ್ದಳು. ಚಪ್ಪಾಳೆ ಮುಗಿದ ಕೂಡಲೇ ಓಡಿಹೋಗಿ ಮೊದಲ ಪೀರಿಯಡ್ಡಿನ ಗಂಟೆ ಹೊಡೆದಳು. ಆ ದಿನ ಅದು ಎಂದಿಗಿಂತ ಹೆಚ್ಚು ಹೊತ್ತು ಮೊಳಗಿತು. ಗಣಿತದ ಮಾಸ್ತರರೂ ಏನೂ ಅನ್ನಲಿಲ್ಲ.

ಆ ವಾರವೇ ನಮ್ಮ ಪ್ರಿಂಟರು ಪೂರ್ತಿ ಕೈಕೊಟ್ಟ ಕಾರಣ ಸದಾನಂದನ ಅಂಗಡಿಗೆ ಹೋಗದೆ ಗತಿಯಿರಲಿಲ್ಲ. ಅವನು ಕಾಗದ ಜೋಡಿಸುತ್ತ, ಗಿರಿಜಕ್ಕ ಪಾಸಾದರಂತೆ, ಬಹಳ ಖುಷಿಯಾಯಿತು ಎಂದ. ಆಮೇಲೆ, ಆ ಶನಿವಾರ ಮಧ್ಯಾಹ್ನ ಹಾಲ್ ಟಿಕೆಟು ತೆಗೆಸಿಕೊಂಡು ಹೋಗುವಾಗಲೇ ನೀವು ಪಾಸಾಗ್ತೀರಿ ಎಂದು ಹೇಳಿದ್ದೆ ಎಂದ. ಯಾವ ಶನಿವಾರ ಎಂದು ಕೇಳಿದೆ. ಪರೀಕ್ಷೆಯ ಹಿಂದಿನ ದಿನ, ಎರಡೂವರೆ ಮೂರರ ಹೊತ್ತಿಗೆ, ಕೈಯಲ್ಲಿ ಬನ್ಸಿನ ಪೊಟ್ಟಣವಿತ್ತು ಎಂದ. ನಾನು ಕಾಗದ ತೆಗೆದುಕೊಳ್ಳುವುದನ್ನೂ ಮರೆತು ಶಾಲೆಗೆ ಬಂದೆ.

ಗಿರಿಜವ್ವ ಸ್ಟೂಲಿನ ಮೇಲೆ ಕೂತಿದ್ದಳು. ಸದಾನಂದ ಹೇಳಿದ್ದು ಹೌದೇನು ಎಂದು ಕೇಳಿದೆ. ಸುಳ್ಳು ಹೇಳುವವಳಲ್ಲ, ಹೌದು ಎಂದಳು. ಪರೀಕ್ಷೆಗೆ ಒಯ್ದದ್ದೂ ಅದನ್ನೇ, ನಾನು ಕೊಟ್ಟದ್ದರಲ್ಲಿ ಮುಖ ಕಪ್ಪಾಗಿ ಯಾರೆಂದು ಗುರುತು ಸಿಗುತ್ತಿರಲಿಲ್ಲವಂತೆ. ಮತ್ತೆ ಒಂದೂವರೆ ತಾಸು ಯಾಕೆ ಸುಮ್ಮನೆ ಕೂತೆ, ಬಂದ ಕೂಡಲೇ ಹೇಳಬಾರದಿತ್ತೇ ಎಂದೆ. ನನ್ನ ದನಿ ಏರಿತ್ತು. ಅವಳು ಸೆರಗಿನ ಅಂಚು ತಿರುವುತ್ತ ಹೇಳಿದಳು:

‘ನಾ ಹೇಳಿದ್ರ ನೀವು ಅರ್ಧಕ್ಕ ಎದ್ದು ಬಿಡ್ತಿದ್ರಿ ಸರ್. ಅರ್ಧಕ್ಕ ಎದ್ದು ಬಂದ ಮ್ಯಾಲ ಮತ್ತ ಹೋಗಿ ಕುಂದ್ರೋದು ಎಷ್ಟ್ ಕಷ್ಟ ಅಂತ ನನಗ ಗೊತ್ತೈತ್ರಿ. ಇಪ್ಪತ್ತೈದು ವರ್ಷ ಬೇಕಾತು ನನಗ.’

ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಬಾಯಿಬಿಟ್ಟು ಹೇಳಲೂ ಇಲ್ಲ. ಒಳಗೆ ಹೋಗಿ ನನ್ನ ಮೇಜಿನ ಮುಂದೆ ಕೂತೆ.

ಸಂಜೆ ಮನೆಗೆ ಹೋಗಿ ಇಡೀ ಕತೆಯನ್ನು ಹೆಂಡತಿಗೆ ಹೇಳಿದೆ, ಈ ಸಲ ನೋಟ್‌ಬುಕ್ಕಿನ ಕೆಂಪು ಶಾಯಿಯನ್ನೂ ಸೇರಿಸಿ. ಗಿರಿಜವ್ವನ ಮನಸ್ಸು ಎಷ್ಟು ದೊಡ್ಡದು ನೋಡು ಎಂದೆ. ಹೆಂಡತಿ ನಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಹೆಚ್ಚುತ್ತಿದ್ದ ಸೌತೆಕಾಯಿಯಿಂದ ಕಣ್ಣೆತ್ತದೆ ಕೇಳಿದಳು:

‘ನೀವು ಮಿಕ್ಸಿ ಬಿಚ್ಚಿ ಇಡೀ ದಿನ ಕೂತ್ಗಂಡಾಗ ಊಟಕ್ಕೆ ಚಟ್ನಿ ಎಲ್ಲಿಂದ ಬರ್ತಿತ್ತು ಹೇಳಿ ಒಂದಿನಾದ್ರೂ ಕೇಳಿದ್ರಾ?’

ಕೇಳಿರಲಿಲ್ಲ. ಈಗ ಕೇಳಿದೆ. ಪಕ್ಕದ ಮನೆಯದಂತೆ.